ಕೋಸು ಕೊಯ್ಯುವವರು ಯಾರು? ಬ್ರೆಕ್ಸಿಟ್ ಮತ್ತು ಬಾಸ್ಟನ್ ಎಂಬ ಊರು

ಬಾಸ್ಟನ್ ಅಂದ ಕೂಡಲೇ ನಮಗೆ ಅಮೆರಿಕ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಅದಕ್ಕೆ ಹೆಸರು ಕೊಟ್ಟ ಹಳೆಯ ಊರಿನ ಬಗ್ಗೆ. ಇದು ಇಂಗ್ಲೆಂಡಿನ ಪೂರ್ವ ಭಾಗದಲ್ಲಿ, ಲಿಂಕನ್‌ಶೈರ್ ಕೌಂಟಿಯಲ್ಲಿ, ವಿದಮ್ ನದಿ ಸಮುದ್ರ ಸೇರುವ ಜಾಗದ ಹತ್ತಿರ ಇದೆ. ಸುತ್ತ ಕಣ್ಣು ಹಾಯುವಷ್ಟು ದೂರ ಚಪ್ಪಟೆ ನೆಲ. ಊರ ನಡುವೆ ಸೇಂಟ್ ಬೊಟಾಲ್ಫ್ ಚರ್ಚಿನ ಗೋಪುರ, 80 ಮೀಟರಿಗೂ ಎತ್ತರ. ಅಷ್ಟು ಎತ್ತರದ ಗೋಪುರವನ್ನು ಊರವರು ಪ್ರೀತಿಯಿಂದ ಕರೆಯುವುದು 'ಸ್ಟಂಪ್' ಅಂತ. ಅಂದರೆ ಮೋಟು.

2016ರ ಜೂನ್ 23ರಂದು ಬ್ರಿಟನ್ನಿನ ಜನ ಐರೋಪ್ಯ ಒಕ್ಕೂಟದಲ್ಲಿ ಇರಬೇಕೋ ಹೊರಡಬೇಕೋ ಎಂದು ಮತ ಹಾಕಿದರು. ಹೀಗೆ ಹೊರಡುವುದಕ್ಕೇ ಬ್ರೆಕ್ಸಿಟ್ ಎಂದು ಹೆಸರು. ಇಡೀ ದೇಶದಲ್ಲಿ ಹೊರಡೋಣ ಎಂದವರು ಶೇ. 51.9, ಇರೋಣ ಎಂದವರು ಶೇ. 48.1. ತೀರಾ ಹತ್ತಿರದ ಅಂತರ. ಆದರೆ ಬಾಸ್ಟನ್‌ನಲ್ಲಿ 22,974 ಜನ ಹೊರಡೋಣ ಎಂದರು, 7,430 ಜನ ಇರೋಣ ಎಂದರು. ಶೇ. 75.6! ದೇಶದಲ್ಲಿ ಬೇರೆ ಎಲ್ಲೂ ಇಷ್ಟು ಮತ ಬೀಳಲಿಲ್ಲ.

ಒಂದು ವ್ಯಾಪಾರ ಕೂಟವನ್ನು ಬಿಟ್ಟರೆ ಏನಾಗುತ್ತದೆ ಅನ್ನುವ ಚರ್ಚೆ ಸಾಮಾನ್ಯವಾಗಿ ದೊಡ್ಡ ಅಂಕಿಗಳಲ್ಲಿ ನಡೆಯುತ್ತದೆ. ದೇಶದ ಉತ್ಪನ್ನ ಎಷ್ಟು ಕುಸಿಯಿತು, ರಫ್ತು ಎಷ್ಟು ಇಳಿಯಿತು ಅಂತ. ಆ ಅಂಕಿಗಳು ಮುಖ್ಯ, ಮುಂದೆ ಅವೂ ಬರುತ್ತವೆ. ಆದರೆ ನನಗೆ ಆ ಚರ್ಚೆ ನಿಜವಾಗಿ ಅರ್ಥವಾಗಿದ್ದು ಈ ಒಂದು ಊರನ್ನು ಓದಿಕೊಂಡಾಗ. ನನಗೆ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಒಕ್ಕೂಟ ಬಿಟ್ಟ ಮೇಲೆ ಬಾಸ್ಟನ್ ಸುತ್ತಲಿನ ಹೊಲದ ಕೆಲಸ ಎಲ್ಲೂ ಹೋಗಲಿಲ್ಲ. ಹೊರಗಿನಿಂದ ಕೂಲಿಗೆ ಬರುವವರೂ ನಿಲ್ಲಲಿಲ್ಲ. ಬಂದವರ ಕೈಯಲ್ಲಿದ್ದ ಹಕ್ಕು ಮಾತ್ರ ಹೋಯಿತು. ಹಾಗೆ ಹೋದದ್ದರಿಂದ ಊರಿನವರಿಗೂ ಲಾಭವಾಗಲಿಲ್ಲ.

ನೆಲ ಮತ್ತು ಮೇಸ್ತ್ರಿ

ಬಾಸ್ಟನ್ ಸುತ್ತಲಿನ ಪ್ರದೇಶಕ್ಕೆ ಫೆನ್ಸ್ ಎಂದು ಹೆಸರು. ಒಂದು ಕಾಲಕ್ಕೆ ಇದೆಲ್ಲ ಜೌಗು. 17ನೇ ಶತಮಾನದಿಂದ ಕಾಲುವೆ ತೋಡಿ, ನೀರು ಹೊರಗೆ ಹರಿಸಿ, ನೆಲವನ್ನು ಉಳುಮೆಗೆ ತಂದರು. ಈಗ ಇಂಗ್ಲೆಂಡಿನ ಅತಿ ಫಲವತ್ತಾದ ಮಣ್ಣು ಇಲ್ಲೇ ಇದೆ. ಎಲೆಕೋಸು, ಹೂಕೋಸು, ಬ್ರೊಕೊಲಿ, ಆಲೂಗೆಡ್ಡೆ, ಹತ್ತಿರದ ಸ್ಪಾಲ್ಡಿಂಗ್ ಕಡೆ ಹೂವು.

ಕೋಸಿಗೆ ಒಂದು ಗುಣವಿದೆ. ಗೋಧಿಯ ಹಾಗೆ ಯಂತ್ರ ಬಿಟ್ಟು ಒಂದೇ ದಿನ ಕೊಯ್ದು ಮುಗಿಸಲು ಆಗುವುದಿಲ್ಲ. ಒಂದೇ ಸಾಲಿನಲ್ಲಿ ಒಂದು ಹೂವು ಇವತ್ತಿಗೆ ಬಲಿತಿರುತ್ತದೆ, ಪಕ್ಕದ್ದಕ್ಕೆ ಇನ್ನೂ ನಾಲ್ಕು ದಿನ ಬೇಕು. ಕಣ್ಣಿಂದ ನೋಡಿ, ಬಗ್ಗಿ, ಚಾಕುವಿನಿಂದ ಕತ್ತರಿಸಬೇಕು. ಟ್ರ್ಯಾಕ್ಟರ್ ಜೊತೆ ನಿಧಾನವಾಗಿ ಸಾಗುವ ಚಪ್ಪರದಂಥ ಗಾಡಿಯಲ್ಲಿ ಅಲ್ಲೇ ಪ್ಯಾಕ್ ಆಗುತ್ತದೆ. ಕೆಸರು, ಚಳಿ, ಮಳೆ, ಬೆಳಗಿನ ಜಾವದ ಕತ್ತಲು. ಈ ಕೆಲಸಕ್ಕೆ ಊರಿನ ಜನ ಯಾವ ಕಾಲಕ್ಕೂ ಸಾಕಾಗಿಲ್ಲ.

ಹಾಗಾಗಿ ಗುಂಪು ಕೂಲಿ ಅನ್ನುವುದು ಇಲ್ಲಿ ಒಕ್ಕೂಟಕ್ಕಿಂತ ಬಹಳ ಹಳೆಯದು. 19ನೇ ಶತಮಾನದಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಗುಂಪು ಕಟ್ಟಿ ಹೊಲದಿಂದ ಹೊಲಕ್ಕೆ ನಡೆಸುತ್ತಿದ್ದ 'ಗ್ಯಾಂಗ್‌ಮಾಸ್ಟರ್'ಗಳಿದ್ದರು. ನಮ್ಮ ಮಾತಿನಲ್ಲಿ ಮೇಸ್ತ್ರಿಗಳು. ಅವರ ಕೈಯಲ್ಲಿ ಮಕ್ಕಳು ಪಡುವ ಪಾಡು ನೋಡಲಾಗದೆ 1867ರಲ್ಲಿ ಒಂದು ಕಾಯ್ದೆ ಬಂತು. ಎಂಟು ವರ್ಷದೊಳಗಿನ ಮಕ್ಕಳನ್ನು ಗುಂಪಿಗೆ ಸೇರಿಸಬಾರದು ಅಂತ. ಎರಡನೇ ಮಹಾಯುದ್ಧ ಮುಗಿದ ವರ್ಷ, 1945ರಲ್ಲಿ, ಹೊರದೇಶದ ಯುವಕರನ್ನು ಸುಗ್ಗಿಗೆ ಕರೆಸುವ ಸರ್ಕಾರಿ ಯೋಜನೆ ಶುರುವಾಯಿತು. 1990ರ ದಶಕದ ಕೊನೆಗೆ ಪೋರ್ಚುಗೀಸರು ಬರತೊಡಗಿದರು. ಆ ಹೊತ್ತಿಗೆ ತರಕಾರಿಯ ಬೆಲೆ ಹೇಳುವವರು ದೊಡ್ಡ ಸೂಪರ್‌ಮಾರ್ಕೆಟ್‌ಗಳಾಗಿದ್ದರು. ನಾಳೆಗೆ ಇಷ್ಟು ಸಾವಿರ ಕೋಸು ಬೇಕು ಅಂದರೆ ಬೇಕು. ಬೇಡ ಅಂದರೆ ಬೇಡ. ಆ ಏರುಪೇರನ್ನು ತಡೆದುಕೊಳ್ಳುವ ಭಾರ ರೈತನಿಂದ ಮೇಸ್ತ್ರಿಗೆ, ಮೇಸ್ತ್ರಿಯಿಂದ ಕೂಲಿಯವರ ಬೆನ್ನಿಗೆ ಇಳಿಯಿತು.

ಈ ಊರಿಗೆ ವ್ಯಾಪಾರ ಕೂಟದ ಪರಿಚಯವೂ ಹೊಸದಲ್ಲ. ಮಧ್ಯಯುಗದಲ್ಲಿ ಬಾಸ್ಟನ್ ಉಣ್ಣೆ ರಫ್ತಿನ ದೊಡ್ಡ ಬಂದರು. 1204ರಲ್ಲಿ ವ್ಯಾಪಾರಿಗಳ ಮೇಲೆ ಹಾಕಿದ ತೆರಿಗೆಯಲ್ಲಿ ಲಂಡನ್ 836 ಪೌಂಡ್ ಕಟ್ಟಿದರೆ ಬಾಸ್ಟನ್ 780 ಪೌಂಡ್ ಕಟ್ಟಿತ್ತು. ಬಾಲ್ಟಿಕ್ ಕರಾವಳಿಯ ಜರ್ಮನ್ ಪಟ್ಟಣಗಳು ಸೇರಿ ಕಟ್ಟಿಕೊಂಡಿದ್ದ 'ಹನ್ಸಾ' ಎಂಬ ವ್ಯಾಪಾರಿ ಕೂಟ ಇಲ್ಲಿ ತನ್ನದೇ ಕೋಠಿ ಇಟ್ಟಿತ್ತು. ಮುಂದೆ ನದಿಯಲ್ಲಿ ಹೂಳು ತುಂಬಿತು, ಉಣ್ಣೆಯ ಕಾಲ ಮುಗಿಯಿತು, ಹನ್ಸಾ ವ್ಯಾಪಾರಿಗಳು ಎದ್ದು ಹೋದರು, ಊರು ಸೊರಗಿತು. ಐನೂರು ವರ್ಷಗಳ ಮೇಲೆ ಅದೇ ಬಾಲ್ಟಿಕ್ ಕಡೆಯಿಂದ ಮತ್ತೆ ಜನ ಬಂದರು. ಈ ಸಲ ಕೋಸು ಕೊಯ್ಯಲು.

2004ರಲ್ಲಿ ಲಂಡನ್ ತೆಗೆದುಕೊಂಡ ತೀರ್ಮಾನ

2004ರ ಮೇ 1ರಂದು ಪೋಲೆಂಡ್, ಲಿಥುವೇನಿಯಾ, ಲಾಟ್ವಿಯಾ ಸೇರಿ ಹತ್ತು ದೇಶಗಳು ಐರೋಪ್ಯ ಒಕ್ಕೂಟ ಸೇರಿದವು. ಒಕ್ಕೂಟ ಅಂದರೆ ಬರೀ ಸುಂಕವಿಲ್ಲದ ವ್ಯಾಪಾರವಲ್ಲ. ಸರಕು, ಸೇವೆ, ಬಂಡವಾಳ, ಜನ, ಈ ನಾಲ್ಕೂ ಗಡಿ ದಾಟಿ ಸಲೀಸಾಗಿ ಓಡಾಡಬೇಕು ಅನ್ನುವುದು ಅದರ ಮೂಲ ನಿಯಮ. ಆದರೆ ಹೊಸ ಸದಸ್ಯ ದೇಶಗಳ ಕೆಲಸಗಾರರನ್ನು ಏಳು ವರ್ಷದವರೆಗೆ ತಡೆಯಲು ಹಳೆಯ ಸದಸ್ಯರಿಗೆ ಅವಕಾಶವಿತ್ತು. ಜರ್ಮನಿ ಅದನ್ನು ಬಳಸಿಕೊಂಡಿತು, 2011ರವರೆಗೆ ಬಾಗಿಲು ಪೂರ್ತಿ ತೆರೆಯಲಿಲ್ಲ. ಬ್ರಿಟನ್, ಐರ್ಲೆಂಡ್, ಸ್ವೀಡನ್ ಮೂರೇ ದೇಶ ಮೊದಲ ದಿನದಿಂದಲೇ ತೆರೆದವು.

ವರ್ಷಕ್ಕೆ ಎಷ್ಟು ಜನ ಬಂದಾರು? ಬ್ರಿಟನ್ನಿನ ಗೃಹ ಇಲಾಖೆಗಾಗಿ 2003ರಲ್ಲಿ ಮಾಡಿದ ಅಂದಾಜು 5,000ದಿಂದ 13,000. ಜರ್ಮನಿಯೂ ಬಾಗಿಲು ತೆರೆಯುತ್ತದೆ ಎಂದು ನಂಬಿ ಹಾಕಿದ ಲೆಕ್ಕ ಅದು. ಜರ್ಮನಿ ತೆರೆಯಲಿಲ್ಲ. ಬಂದವರು ಲಕ್ಷಗಟ್ಟಲೆ.

ಬಾಸ್ಟನ್‌ನಲ್ಲಿ 2001ರಿಂದ 2011ರ ನಡುವೆ ಹೊರದೇಶದಲ್ಲಿ ಹುಟ್ಟಿದವರ ಸಂಖ್ಯೆ ಶೇ. 467ರಷ್ಟು ಏರಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದೇ ಅತಿ ದೊಡ್ಡ ಏರಿಕೆ. 2011ರಲ್ಲಿ ಊರ ಮಂಡಳಿಯ ಇಡೀ ವ್ಯಾಪ್ತಿಯ ಜನಸಂಖ್ಯೆ ಸುಮಾರು 64,600 ಅಷ್ಟೇ. ಅಂಥ ಚಿಕ್ಕ ಊರಿನಲ್ಲಿ ಹತ್ತು ವರ್ಷದೊಳಗೆ ಒಂದು ಇಡೀ ಬೀದಿಯ ಭಾಷೆ ಬದಲಾಗುತ್ತದೆ. ವೆಸ್ಟ್ ಸ್ಟ್ರೀಟ್‌ನಲ್ಲಿ ಪೋಲಿಷ್ ಬೋರ್ಡುಗಳು ಬಂದವು. ಶಾಲೆಗಳಿಗೆ ಇಂಗ್ಲಿಷ್ ಬಾರದ ಮಕ್ಕಳು ಬಂದರು. ಮನೆಗಳನ್ನು ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಡುವ ಮಾಲೀಕರು ಹುಟ್ಟಿಕೊಂಡರು. ವೈದ್ಯರ ಬಳಿ ಕ್ಯೂ ಉದ್ದವಾಯಿತು.

ಬಂದವರ ಪಾಡೂ ಸುಖದ್ದಲ್ಲ. 2011ರ ಜುಲೈನಲ್ಲಿ ಊರಿನ ಕೈಗಾರಿಕಾ ಶೆಡ್ ಒಂದರಲ್ಲಿ ಕಳ್ಳ ವೋಡ್ಕಾ ತಯಾರಿಸುತ್ತಿದ್ದಾಗ ಸ್ಫೋಟವಾಗಿ ಐವರು ಲಿಥುವೇನಿಯನ್ ಗಂಡಸರು ಸತ್ತರು. 2016ರ ಜನವರಿಯಲ್ಲಿ ಲಂಡನ್ನಿನ ಪಾಲಿಸಿ ಎಕ್ಸ್‌ಚೇಂಜ್ ಎಂಬ ಚಿಂತಕರ ಕೂಟ, ಹೊಸಬರು ಹಳಬರು ಅತಿ ಕಡಿಮೆ ಬೆರೆತಿರುವ ಊರು ಬಾಸ್ಟನ್ ಎಂದು ಹೇಳಿತು. ಒಂದೇ ಊರಿನಲ್ಲಿ ಎರಡು ಊರು ಪಕ್ಕಪಕ್ಕದಲ್ಲಿ ಬದುಕುತ್ತಿದ್ದವು.

ಎರಡು ಲೆಕ್ಕದ ಪುಸ್ತಕ

ಜನಮತದ ಚರ್ಚೆ ಶುರುವಾದಾಗ ಎರಡು ಕಡೆಯವರೂ ಬೇರೆ ಬೇರೆ ಪುಸ್ತಕ ಹಿಡಿದು ಲೆಕ್ಕ ಓದಿದರು.

ಇರೋಣ ಎಂದವರ ಪುಸ್ತಕ ಹಣಕಾಸು ಇಲಾಖೆಯದು. 2016ರ ಏಪ್ರಿಲ್‌ನಲ್ಲಿ ಅದು ಹೇಳಿದ್ದು, ಒಕ್ಕೂಟ ಬಿಟ್ಟರೆ 2030ರ ಹೊತ್ತಿಗೆ ಪ್ರತಿ ಕುಟುಂಬದ ಲೆಕ್ಕದಲ್ಲಿ ವರ್ಷಕ್ಕೆ 4,300 ಪೌಂಡ್ ನಷ್ಟ. ಮುಂದಿನ ತಿಂಗಳು ಇನ್ನೊಂದು ವರದಿ ಬಂತು. ಮತ ಹಾಕಿದ ಕೂಡಲೇ ಆರ್ಥಿಕ ಹಿಂಜರಿತ ಬರುತ್ತದೆ, ಐದು ಲಕ್ಷ ಕೆಲಸ ಹೋಗುತ್ತದೆ ಅಂತ. ಅದು ಆಗಲಿಲ್ಲ. ಮತದಾನದ ನಂತರ ನಿರುದ್ಯೋಗ ಇಳಿಯುತ್ತಲೇ ಹೋಯಿತು. ಹೆದರಿಸಲು ಹೇಳಿದ ಆ ಒಂದು ಮಾತು ಸುಳ್ಳಾಗಿದ್ದರಿಂದ, ನಿಧಾನವಾಗಿ ಆಗುವ ನಷ್ಟದ ಬಗ್ಗೆ ಹೇಳಿದ ಸರಿಯಾದ ಮಾತನ್ನೂ ಜನ ನಂಬದೆ ಹೋದರು. ಅರ್ಥಶಾಸ್ತ್ರ ಬಲ್ಲವರು ಮಾಡಿದ ತಪ್ಪುಗಳಲ್ಲಿ ಇದನ್ನು ನಾನು ತುಂಬ ದೊಡ್ಡದು ಅಂದುಕೊಂಡಿದ್ದೇನೆ.

ಹೊರಡೋಣ ಎಂದವರು ಕೆಂಪು ಬಸ್ಸಿನ ಮೇಲೆ ಬರೆದುಕೊಂಡು ತಿರುಗಿದರು. ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತಿದೆ, ಅದನ್ನು ನಮ್ಮ ಆಸ್ಪತ್ರೆಗಳಿಗೆ ಕೊಡೋಣ ಅಂತ. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನೂ, ರೈತರಿಗೆ ಮರಳಿ ಬರುತ್ತಿದ್ದ ಸಬ್ಸಿಡಿಯನ್ನೂ ಕಳೆಯದೆ ಹೇಳಿದ ಮೊತ್ತ ಅದು. ದೇಶದ ಅಂಕಿಅಂಶ ಪ್ರಾಧಿಕಾರವೇ ಇದು ದಾರಿ ತಪ್ಪಿಸುವ ಲೆಕ್ಕ ಎಂದು ಎಚ್ಚರಿಸಿತು. ಬಸ್ಸು ನಿಲ್ಲಲಿಲ್ಲ.

ಆದರೆ ಬಾಸ್ಟನ್‌ನವರು ಬಸ್ಸಿನ ಬರಹ ನೋಡಿ ಮತ ಹಾಕಿದರು ಎಂದು ನನಗೆ ಅನ್ನಿಸುವುದಿಲ್ಲ. ಅವರ ಹತ್ತಿರ ಅವರದೇ ಪುಸ್ತಕವಿತ್ತು. ಅದರಲ್ಲಿ ಬಾಡಿಗೆ ಇತ್ತು, ಶಾಲೆಯ ತರಗತಿ ಇತ್ತು, ಕಾರ್ಖಾನೆಯ ಬೆಲ್ಟಿನ ಮುಂದೆ ನಿಂತಾಗ ಸಿಗುವ ಸಂಬಳ ಇತ್ತು. ರಾತ್ರಿ ಊರ ಚೌಕದಲ್ಲಿ ನಡೆದು ಹೋಗುವಾಗ ಸುತ್ತಲಿನ ಮಾತು ಅರ್ಥವಾಗದೆ ಇರುವ ಕಸಿವಿಸಿಯೂ ಇತ್ತು. ಇದನ್ನು ಜನಾಂಗ ದ್ವೇಷ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ದ್ವೇಷ ಇರಲೇ ಇಲ್ಲ ಅನ್ನುವುದೂ ಸುಳ್ಳು. ಜನಮತದ ಮರು ತಿಂಗಳು, 2016ರ ಜುಲೈನಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸರು ದಾಖಲಿಸಿದ ಜನಾಂಗ ಮತ್ತು ಧರ್ಮದ ದ್ವೇಷದ ಅಪರಾಧಗಳು ಹಿಂದಿನ ವರ್ಷದ ಜುಲೈಗಿಂತ ಶೇ. 41 ಜಾಸ್ತಿ. ಜನಮತಕ್ಕೆ ಒಂದು ವಾರ ಇರುವಾಗ, ಜೂನ್ 16ರಂದು, ಇರೋಣ ಎಂದು ಪ್ರಚಾರ ಮಾಡುತ್ತಿದ್ದ ಸಂಸದೆ ಜೋ ಕಾಕ್ಸ್ ಅವರನ್ನು ಬೀದಿಯಲ್ಲೇ ಕೊಂದರು. ಅವರಿಗೆ ಇಬ್ಬರು ಪುಟ್ಟ ಮಕ್ಕಳಿದ್ದರು.

ಹಾಗಾದರೆ ವಲಸೆಯಿಂದ ಬಾಸ್ಟನ್‌ಗೆ ನಿಜಕ್ಕೂ ನಷ್ಟವಾಯಿತೇ? ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಬ್ಯಾಂಕ್ ಆಫ್ ಇಂಗ್ಲೆಂಡ್ 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಕಡಿಮೆ ಕೌಶಲದ ಸೇವಾ ಕೆಲಸಗಳನ್ನು ನೋಡಿತು. ಆ ಕೆಲಸಗಳಲ್ಲಿ ವಲಸಿಗರ ಪಾಲು ನೂರಕ್ಕೆ ಹತ್ತರಷ್ಟು ಏರಿದರೆ ಸಂಬಳ ಸುಮಾರು ಶೇ. 2 ಇಳಿಯುತ್ತದೆ ಎಂದು ಕಂಡಿತು. ಚಿಕ್ಕ ಪರಿಣಾಮ, ಆದರೆ ಸೊನ್ನೆಯಲ್ಲ. ಇನ್ನೊಂದು ಕಡೆ, ಸರ್ಕಾರದ ವಲಸೆ ಸಲಹಾ ಸಮಿತಿಗಾಗಿ 2018ರಲ್ಲಿ ಮಾಡಿದ ಲೆಕ್ಕದ ಪ್ರಕಾರ ಯುರೋಪಿನಿಂದ ಬಂದ ಒಬ್ಬ ವಲಸಿಗ ಬ್ರಿಟನ್ನಿನ ಸರಾಸರಿ ವಯಸ್ಕನಿಗಿಂತ ವರ್ಷಕ್ಕೆ 2,300 ಪೌಂಡ್ ಜಾಸ್ತಿ ಬೊಕ್ಕಸಕ್ಕೆ ಕೊಡುತ್ತಿದ್ದ. ಎರಡೂ ನಿಜ. ಆದರೆ ಆ 2,300 ಪೌಂಡ್ ಹೋಗಿದ್ದು ಲಂಡನ್ನಿನ ಬೊಕ್ಕಸಕ್ಕೆ. ಕ್ಯೂ ಬೆಳೆದದ್ದು ಬಾಸ್ಟನ್‌ನಲ್ಲಿ.

ಈ ಎರಡರ ನಡುವೆ ಸೇತುವೆಯಾಗಲಿ ಎಂದು 2009ರಲ್ಲಿ ಒಂದು ನಿಧಿ ಶುರುವಾಗಿತ್ತು. ವಲಸಿಗರು ಜಾಸ್ತಿ ಬಂದ ಊರುಗಳ ಶಾಲೆ, ಆಸ್ಪತ್ರೆಗಳಿಗೆ ಕೈಲಾದಷ್ಟು ಹಣ ಕೊಡುವುದು ಅದರ ಕೆಲಸ. 2010ರಲ್ಲಿ ಹೊಸದಾಗಿ ಬಂದ ಸರ್ಕಾರ ಖರ್ಚು ಉಳಿಸಲು ಅದನ್ನು ಮುಚ್ಚಿತು. 2013ರಲ್ಲಿ ಅದೇ ಸರ್ಕಾರ ಹೊಲದ ಕೆಲಸಗಾರರ ಕನಿಷ್ಠ ಕೂಲಿ ನಿಗದಿ ಮಾಡುತ್ತಿದ್ದ ಕೃಷಿ ಕೂಲಿ ಮಂಡಳಿಯನ್ನೂ ರದ್ದು ಮಾಡಿತು. ಇವೆರಡನ್ನೂ ಮಾಡಿದ್ದು ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಅಲ್ಲ. 2004ರಲ್ಲಿ ಏಳು ವರ್ಷದ ತಡೆ ಬೇಡ ಎಂದದ್ದೂ ಬ್ರಸೆಲ್ಸ್ ಅಲ್ಲ. ಮೂರೂ ತೀರ್ಮಾನ ಲಂಡನ್ನಿನವು. ಆದರೆ ಮತಪತ್ರದಲ್ಲಿ ಇದ್ದ ಪ್ರಶ್ನೆ ಒಂದೇ, ಒಕ್ಕೂಟ ಬೇಕೋ ಬೇಡವೋ. ಹತ್ತು ವರ್ಷದ ಸಿಟ್ಟಿಗೆ ಸಿಕ್ಕ ಒಂದೇ ಒಂದು ಬಾಗಿಲು ಅದು.

ಹೊರಡೋಣ ಎಂದವರಿಗೆ ಇದಕ್ಕೊಂದು ಗಟ್ಟಿ ಉತ್ತರವೂ ಇತ್ತು, ಅದನ್ನು ಬಿಟ್ಟರೆ ಅನ್ಯಾಯವಾಗುತ್ತದೆ. 2011ರ ನಂತರ ಲಂಡನ್ ಬಯಸಿದ್ದರೂ ಪೋಲೆಂಡಿನವರನ್ನು ತಡೆಯಲು ಆಗುತ್ತಿರಲಿಲ್ಲ. ಒಕ್ಕೂಟದಲ್ಲಿ ಇರುವವರೆಗೆ ಆ ಬೀಗದ ಕೈ ಸರ್ಕಾರದ ಹತ್ತಿರ ಇರಲಿಲ್ಲ. ನಮ್ಮ ಊರಿಗೆ ಎಷ್ಟು ಜನ ಬರಬೇಕು ಅನ್ನುವುದರಲ್ಲಿ ನಮ್ಮ ಓಟಿಗೆ ಬೆಲೆ ಇರಬೇಕು, ಅಲ್ವಾ? ಈ ಪ್ರಶ್ನೆ ಕೇಳಿದವರನ್ನು ಬೈದು ಸುಮ್ಮನಾಗಿಸಿದವರೇ ಜಾಸ್ತಿ, ಕೂತು ಉತ್ತರ ಹೇಳಿದವರು ಕಡಿಮೆ.

ಬಿಟ್ಟ ಮೇಲೆ

ಬ್ರಿಟನ್ ಅಧಿಕೃತವಾಗಿ ಒಕ್ಕೂಟ ಬಿಟ್ಟದ್ದು 2020ರ ಜನವರಿ 31ರಂದು. ಹಳೆಯ ನಿಯಮಗಳು ಆ ವರ್ಷದ ಡಿಸೆಂಬರ್ 31ರವರೆಗೆ ಮುಂದುವರಿದವು. ಆದರೆ ಬಾಸ್ಟನ್ ಹೊಲಗಳಲ್ಲಿ ಬದಲಾವಣೆ ಅದಕ್ಕೂ ಬಹಳ ಮೊದಲು ಶುರುವಾಗಿತ್ತು. ಫಲಿತಾಂಶ ಬಂದ ರಾತ್ರಿಯೇ ಪೌಂಡ್ ಡಾಲರಿನ ಎದುರು ಬಿದ್ದು, 1985ರ ನಂತರ ಕಾಣದ ಮಟ್ಟಕ್ಕೆ ಇಳಿಯಿತು. ವಾರದ ಸಂಬಳದಲ್ಲಿ ಒಂದಿಷ್ಟು ಉಳಿಸಿ ಪೋಲೆಂಡಿನ ಮನೆಗೆ ಕಳಿಸುವ ಹೆಂಗಸಿಗೆ ಇದು ಯಾವ ಕಾಯ್ದೆಗಿಂತಲೂ ಬೇಗ ಮುಟ್ಟಿತು. ಅದೇ ಕೆಲಸ, ಅದೇ ಚಳಿ, ಊರಿಗೆ ತಲುಪುವ ದುಡ್ಡು ಮಾತ್ರ ಕಡಿಮೆ. ಅತ್ತ ಪೋಲೆಂಡಿನಲ್ಲೇ ಸಂಬಳ ಏರುತ್ತಿತ್ತು. ಕಾಯ್ದೆ ಬದಲಾಗುವ ಮೊದಲೇ ಹೊಸಬರು ಬರುವುದು ತಗ್ಗಿತು.

2020ರಲ್ಲಿ ಕೊರೊನಾ ಬಂದಾಗ ಸರ್ಕಾರ ತನ್ನ ಜನರನ್ನೇ ಹೊಲಕ್ಕೆ ಕರೆಯಿತು. ಕೆಲಸವಿಲ್ಲದೆ ಮನೆಯಲ್ಲಿರುವವರು ಬಂದು ಕೊಯ್ಯಿರಿ ಅಂತ. ಆಸಕ್ತಿ ತೋರಿದವರು ಬಹಳ, ಹೊಲದಲ್ಲಿ ಉಳಿದವರು ಕಡಿಮೆ. ಮರುವರ್ಷ ಆ ಅಭಿಯಾನ ನಿಂತಿತು. ಸೋಮಾರಿತನ ಎಂದು ಇದನ್ನು ಬಗೆಹರಿಸುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆರು ತಿಂಗಳ ಕೆಲಸಕ್ಕೆ, ಹೊಲದ ಮೂಲೆಯ ಕ್ಯಾರವಾನಿನಲ್ಲಿ ಇದ್ದುಕೊಂಡು, ಬೆಳಗಿನ ಜಾವ ಎದ್ದು ಹೋಗಲು ಹೆಂಡತಿ ಮಕ್ಕಳಿರುವ ಸ್ಥಳೀಯನಿಗೆ ಆಗುವುದಿಲ್ಲ. ಕೆಲಸವನ್ನು ಕಟ್ಟಿರುವ ರೀತಿಯೇ ಹೊರಗಿನಿಂದ ಬಂದು ಹೋಗುವವರನ್ನು ನಂಬಿಕೊಂಡಿದೆ.

1945ರಲ್ಲಿ ಶುರುವಾಗಿದ್ದ ಸುಗ್ಗಿ ಕೂಲಿ ಯೋಜನೆಯನ್ನು 2013ರ ಕೊನೆಗೆ ಮುಚ್ಚಿದ್ದರು. ಒಕ್ಕೂಟದಿಂದಲೇ ಬೇಕಾದಷ್ಟು ಜನ ಸಿಗುತ್ತಾರಲ್ಲ ಎಂದು. 2019ರಲ್ಲಿ ಅದೇ ಯೋಜನೆ ಹೊಸ ವೀಸಾ ರೂಪದಲ್ಲಿ ಮರಳಿ ಬಂತು. ಮೊದಲು 2,500 ಜನಕ್ಕೆ. ಮರುವರ್ಷ 10,000. 2021ಕ್ಕೆ 30,000. ಮುಂದೆ 45,000ದವರೆಗೂ ಹೋಯಿತು. ಮೊದಮೊದಲು ಉಕ್ರೇನಿನವರು ಬಂದರು. ಯುದ್ಧ ಶುರುವಾದ ಮೇಲೆ ಕಿರ್ಗಿಸ್ತಾನ್, ಉಜ್ಬೇಕಿಸ್ತಾನ್, ತಜಿಕಿಸ್ತಾನ್, ಕಜಾಕಿಸ್ತಾನಗಳ ಕಡೆಗೆ ಏಜೆಂಟರು ಹೋದರು. ನೇಪಾಳ, ಇಂಡೋನೇಷ್ಯಾಗಳಿಂದಲೂ ಸಾವಿರಗಟ್ಟಲೆ ಜನ ಬಂದರು. ಅವರಲ್ಲಿ ಹಲವರು ತಮ್ಮ ಊರಿನ ದಲ್ಲಾಳಿಗೆ ಸಾಲ ಮಾಡಿ ಹಣ ಕೊಟ್ಟು ಬಂದವರು. ಸುಗ್ಗಿ ಮುಗಿದರೂ ಸಾಲ ಮುಗಿಯದೆ ಮರಳಿದವರ ಕಥೆಗಳು 2022ರಿಂದ ಹೊರಬಂದವು.

2005ರಲ್ಲಿ ಲಿಥುವೇನಿಯಾದಿಂದ ಬಂದವನನ್ನೂ 2023ರಲ್ಲಿ ಕಿರ್ಗಿಸ್ತಾನದಿಂದ ಬಂದವನನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯವನಿಗೆ ಮೇಸ್ತ್ರಿ ಮೋಸ ಮಾಡಿದರೆ ಮರುದಿನವೇ ಬೇರೆ ಹೊಲಕ್ಕೆ ಹೋಗಬಹುದಿತ್ತು. ಹೊಲ ಬಿಟ್ಟು ಕಾರ್ಖಾನೆ ಸೇರಬಹುದಿತ್ತು. ಮನೆ ಹಿಡಿದು, ಹೆಂಡತಿಯನ್ನು ಕರೆಸಿ, ಮಗಳನ್ನು ಶಾಲೆಗೆ ಹಾಕಿ, ವೆಸ್ಟ್ ಸ್ಟ್ರೀಟ್‌ನಲ್ಲಿ ಒಂದು ಬ್ರೆಡ್ ಅಂಗಡಿ ತೆರೆಯಬಹುದಿತ್ತು. ಊರ ಮಂಡಳಿಗೆ ಮತ ಹಾಕಬಹುದಿತ್ತು. ಎರಡನೆಯವನಿಗೆ ಇರುವುದು ಆರು ತಿಂಗಳು. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಬೇರೆ ಹೊಲಕ್ಕೆ ಹೋಗಬೇಕಾದರೆ ವೀಸಾ ಕೊಡಿಸಿದ ಸಂಸ್ಥೆ ಒಪ್ಪಬೇಕು. ವಾರಕ್ಕೆ 32 ಗಂಟೆ ಕೆಲಸ ಕೊಡಲೇಬೇಕು ಅನ್ನುವ ನಿಯಮ ಬಂದದ್ದೇ 2023ರಲ್ಲಿ.

ಊರಿನವರ ದೊಡ್ಡ ದೂರು ಏನಿತ್ತು? ಬಂದವರು ನಮ್ಮ ಜೊತೆ ಬೆರೆಯುವುದಿಲ್ಲ ಅಂತ. ಈಗ ಬರುವವನು ಬೆರೆಯಬಾರದು ಎಂದೇ ವೀಸಾ ಬರೆದ ಹಾಗಿದೆ. ಭಾಷೆ ಕಲಿಯುವ ಹೊತ್ತಿಗೆ ವಿಮಾನ ಹತ್ತಬೇಕು.

ವರ್ಷಪೂರ್ತಿ ನಡೆಯುವ ಪ್ಯಾಕಿಂಗ್ ಶೆಡ್‌ಗಳದ್ದು ಇನ್ನೊಂದು ಕಷ್ಟ. ಅಂಥ ಕೆಲಸಕ್ಕೆ ಕಾಯಂ ವೀಸಾ ಇಲ್ಲ. ಹಾಗಾಗಿ ಮೊದಲೇ ಬಂದು ನೆಲೆಸಿದ ಪೋಲಿಷ್, ಲಿಥುವೇನಿಯನ್, ರೊಮೇನಿಯನ್ ಜನರ ಮೇಲೆಯೇ ಅವು ನಿಂತಿವೆ. ಅವರಿಗೂ ವಯಸ್ಸಾಗುತ್ತಿದೆ. 2022ರ ಮೊದಲ ಆರು ತಿಂಗಳಲ್ಲಿ ಕೈ ಸಾಲದೆ ದೇಶದಲ್ಲಿ ಸುಮಾರು 6 ಕೋಟಿ ಪೌಂಡ್ ಬೆಲೆಯ ಬೆಳೆ ಹಾಳಾಗಿರಬಹುದು ಎಂದು ರಾಷ್ಟ್ರೀಯ ರೈತ ಸಂಘ ಅಂದಾಜು ಮಾಡಿತು. ರೋಬೋಟ್ ಬಂದು ಇದನ್ನೆಲ್ಲ ಬಗೆಹರಿಸುತ್ತದೆ ಅನ್ನುವ ಮಾತಿದೆ. ಲಿಂಕನ್ ವಿಶ್ವವಿದ್ಯಾಲಯದಲ್ಲಿ ಅದರ ಕೆಲಸ ಜೋರಾಗಿ ನಡೆಯುತ್ತಿದೆ. ಇವತ್ತಿಗೂ ಕೋಸಿನ ಸಾಲಿನಲ್ಲಿ ಬಗ್ಗುವುದು ಮನುಷ್ಯರೇ.

ಸರಕಿನ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. 2020ರ ಡಿಸೆಂಬರ್ 24ರಂದು ಆದ ಒಪ್ಪಂದದಿಂದ ಸುಂಕ ಬರಲಿಲ್ಲ, ಕಾಗದಪತ್ರ ಬಂತು. ಗಿಡ, ಮಾಂಸ, ಹಾಲಿನ ಪದಾರ್ಥಗಳಿಗೆ ಪ್ರಮಾಣಪತ್ರ, ತಪಾಸಣೆ, ಕಾಯುವಿಕೆ. ಬ್ರಿಟನ್ನಿನ ಬಿತ್ತನೆ ಆಲೂಗೆಡ್ಡೆಗೆ ಒಕ್ಕೂಟದ ಬಾಗಿಲು 2021ರ ಜನವರಿ 1ರಿಂದ ಮುಚ್ಚಿಯೇ ಹೋಯಿತು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು ಲೆಕ್ಕ ಹಾಕಿದ ಪ್ರಕಾರ ಸುಮಾರು 16,400 ಕಂಪನಿಗಳು ಒಕ್ಕೂಟಕ್ಕೆ ರಫ್ತು ಮಾಡುವುದನ್ನೇ ಬಿಟ್ಟವು. ದೊಡ್ಡ ಕಂಪನಿಗಳು ಗುಮಾಸ್ತರನ್ನು ಇಟ್ಟುಕೊಂಡು ನಿಭಾಯಿಸಿದವು, ಪೆಟ್ಟು ಬಿದ್ದದ್ದು ಚಿಕ್ಕವಕ್ಕೆ. ಅದೇ ಸಂಸ್ಥೆಯ ಇನ್ನೊಂದು ಅಧ್ಯಯನ, 2021ರ ಕೊನೆಗೆ ಮುಗಿದ ಎರಡು ವರ್ಷದಲ್ಲಿ ಬ್ರೆಕ್ಸಿಟ್‌ನಿಂದಲೇ ಆಹಾರದ ಬೆಲೆ ಶೇ. 6 ಏರಿತು ಎಂದಿತು. ದುಡಿದ ದುಡ್ಡಿನ ದೊಡ್ಡ ಪಾಲು ಊಟಕ್ಕೇ ಹೋಗುವ ಮನೆಗಳಿಗೆ ಇದು ಜಾಸ್ತಿ ಸುಡುತ್ತದೆ. ಬಾಸ್ಟನ್‌ನಲ್ಲೂ ಅಂಥ ಮನೆಗಳಿವೆ. ದೇಶದ ಬಜೆಟ್ ಜವಾಬ್ದಾರಿ ಕಚೇರಿಯ ಅಂದಾಜು, ದೀರ್ಘಕಾಲದಲ್ಲಿ ಉತ್ಪಾದಕತೆ ಶೇ. 4 ಕಡಿಮೆಯಾಗುತ್ತದೆ ಅನ್ನುವುದು. ಕೊರೊನಾ, ಉಕ್ರೇನ್ ಯುದ್ಧ ಎರಡೂ ಅದೇ ಕಾಲಕ್ಕೆ ಬಂದಿದ್ದರಿಂದ ಯಾವುದರಿಂದ ಎಷ್ಟು ಎಂದು ಬಿಡಿಸುವುದು ಕಷ್ಟ ಎಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಹುರುಳಿದೆ. ಬ್ಯಾಂಕಿಂಗ್, ಸಲಹೆಯಂಥ ಸೇವೆಗಳ ರಫ್ತು ಚೆನ್ನಾಗಿಯೇ ಬೆಳೆದಿದೆ ಅನ್ನುವುದೂ ನಿಜ. ಆದರೆ ಆ ಕೆಲಸಗಳು ಲಂಡನ್ನಿನಲ್ಲಿವೆ. ಕೋಸು ಬೆಳೆಯುವ ಊರಿಗೆ ಅದರಿಂದ ಬಂದದ್ದು ಅಷ್ಟಕ್ಕಷ್ಟೇ.

ಸರ್ಕಾರ ಊರಿನ ಅಭಿವೃದ್ಧಿಗೆ ಎಂದು 2 ಕೋಟಿ ಪೌಂಡ್‌ಗೂ ಹೆಚ್ಚು ಹಣ ಮಂಜೂರು ಮಾಡಿತು. ಅದು ಒಳ್ಳೆಯದೇ. 2010ರಲ್ಲಿ ಮುಚ್ಚಿದ ನಿಧಿ ಉಳಿದಿದ್ದರೆ ಇದೇ ಕೆಲಸ ಬೇಗ ಆಗುತ್ತಿತ್ತೇನೋ.

ನಮ್ಮವರ ಕಥೆಯೂ ಇಲ್ಲಿ ಸೇರುತ್ತದೆ

ಯುರೋಪಿನವರು ಬರುವುದು ನಿಂತಾಗ ಕೈ ಸಾಲದೆ ಹೋದದ್ದು ಹೊಲಗಳಿಗೆ ಮಾತ್ರವಲ್ಲ. ವೃದ್ಧಾಶ್ರಮಗಳಿಗೆ, ವಯಸ್ಸಾದವರ ಮನೆ ಆರೈಕೆಗೆ ಜನವೇ ಸಿಗಲಿಲ್ಲ. 2022ರ ಫೆಬ್ರವರಿಯಲ್ಲಿ ಆರೈಕೆ ಕೆಲಸಗಾರರಿಗೂ ವೀಸಾ ತೆರೆದರು. ಭಾರತ, ನೈಜೀರಿಯಾ, ಜಿಂಬಾಬ್ವೆಗಳಿಂದ ಜನ ಹೊರಟರು. ನರ್ಸಿಂಗ್ ಕಾಲೇಜುಗಳಿಗೆ ಹೆಸರಾದ ಕರ್ನಾಟಕ, ಕೇರಳದ ಮನೆಗಳಲ್ಲೂ ಇದು ದೊಡ್ಡ ಆಸೆ ಹುಟ್ಟಿಸಿತು. ಆ ಹೊತ್ತಿಗೆ ಓದು ಮುಗಿದ ಮೇಲೆ ಎರಡು ವರ್ಷ ಉಳಿಯಲು ಬಿಡುವ ವೀಸಾ ಕೂಡ ಮರಳಿ ಬಂದಿತ್ತು. ಮಗಳನ್ನು ಬ್ರಿಟನ್ನಿಗೆ ಓದಲು ಕಳಿಸಿದ ಮನೆ ನಿಮ್ಮ ಪರಿಚಯದಲ್ಲೂ ಒಂದಿರಬಹುದು.

ಆದರೆ ಇಲ್ಲೂ ಅದೇ ಹಗ್ಗ. ವೀಸಾ ಕೊಡಿಸಿದ ಮಾಲೀಕನ ಪರವಾನಗಿ ರದ್ದಾದರೆ 60 ದಿನದೊಳಗೆ ಬೇರೆ ಮಾಲೀಕನನ್ನು ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. 2022ರ ಜುಲೈನಿಂದ 2024ರ ಡಿಸೆಂಬರ್‌ವರೆಗೆ ಆರೈಕೆ ಕ್ಷೇತ್ರದ 470ಕ್ಕೂ ಹೆಚ್ಚು ಮಾಲೀಕರ ಪರವಾನಗಿ ಹೀಗೆ ಹೋಯಿತು. ಅವರನ್ನು ನಂಬಿಕೊಂಡಿದ್ದ ಕೆಲಸಗಾರರು 39,000ಕ್ಕೂ ಹೆಚ್ಚು. ಏಜೆಂಟನಿಗೆ ಲಕ್ಷಗಟ್ಟಲೆ ಕೊಟ್ಟು ಹೋದವರಿಗೆ ಅಲ್ಲಿ ಕೆಲಸವೇ ಇರಲಿಲ್ಲ ಅನ್ನುವ ಸಂಗತಿಗಳೂ ಇದ್ದವು. ಅಂಥವರು ಬರಿಗೈಯಲ್ಲಿ ಮರಳಿ ಬಂದು ಅಪ್ಪನ ಮುಂದೆ ಹೇಗೆ ನಿಂತಿರಬಹುದು ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ. 2025ರ ಜುಲೈನಲ್ಲಿ ಹೊರದೇಶದಿಂದ ಹೊಸ ಆರೈಕೆ ಕೆಲಸಗಾರರನ್ನು ಕರೆಸುವುದನ್ನೇ ನಿಲ್ಲಿಸಿದರು.

ಈ ಎಲ್ಲದರ ನಡುವೆ ದೇಶಕ್ಕೆ ಬಂದವರ ಮತ್ತು ಬಿಟ್ಟು ಹೋದವರ ನಡುವಿನ ವ್ಯತ್ಯಾಸ 2023ರ ಸುಮಾರಿಗೆ ವರ್ಷಕ್ಕೆ 9 ಲಕ್ಷ ದಾಟಿತು. ಒಕ್ಕೂಟದಲ್ಲಿದ್ದಾಗ ಅದು ಎಂದೂ ಅಷ್ಟು ಆಗಿರಲಿಲ್ಲ. ಕಡಿಮೆ ಜನ ಬರಲಿ ಎಂದು ಮತ ಹಾಕಿದ ಬಾಸ್ಟನ್‌ನವರು ಇದನ್ನು ನೋಡಿ ಏನಂದುಕೊಳ್ಳಬೇಕು? 2019ರ ಚುನಾವಣೆಯಲ್ಲಿ 'ಬ್ರೆಕ್ಸಿಟ್ ಮುಗಿಸುತ್ತೇವೆ' ಎಂದ ಕನ್ಸರ್ವೇಟಿವ್ ಪಕ್ಷಕ್ಕೆ ಬಾಸ್ಟನ್ ಮತ್ತು ಸ್ಕೆಗ್ನೆಸ್ ಕ್ಷೇತ್ರ ಶೇ. 76.7 ಮತ ಕೊಟ್ಟಿತ್ತು. 2024ರಲ್ಲಿ ಅದೇ ಕ್ಷೇತ್ರ ಆ ಪಕ್ಷವನ್ನು ಸೋಲಿಸಿ, ವಲಸೆ ತಗ್ಗಿಸಬೇಕು ಎನ್ನುವ ರಿಫಾರ್ಮ್ ಯುಕೆ ಪಕ್ಷದ ರಿಚರ್ಡ್ ಟೈಸ್ ಅವರನ್ನು ಗೆಲ್ಲಿಸಿತು. ಮೋಸ ಹೋದೆವು ಅನ್ನುವ ಭಾವ ಅಲ್ಲಿ ಇನ್ನೂ ಆರಿಲ್ಲ.

2025ರ ಮೇ 19ರಂದು ಬ್ರಿಟನ್ ಮತ್ತು ಒಕ್ಕೂಟ ಮತ್ತೆ ಕೂತು ಮಾತಾಡಿ, ಗಿಡ ಮತ್ತು ಆಹಾರದ ಗಡಿ ತಪಾಸಣೆ ಸಡಿಲಿಸಲು ತಾತ್ವಿಕವಾಗಿ ಒಪ್ಪಿದವು. ಅದು ಜಾರಿಗೆ ಬಂದರೆ ಬಾಸ್ಟನ್‌ನ ಕೋಸಿನ ಲಾರಿಗೆ ಕಾಗದದ ಹೊರೆ ತಗ್ಗುತ್ತದೆ. ಜನರ ಮುಕ್ತ ಓಡಾಟ ಮಾತ್ರ ಮರಳಿ ಬರುವುದಿಲ್ಲ ಎಂದು ಸರ್ಕಾರ ಸ್ಪಷ್ಟವಾಗಿ ಹೇಳಿದೆ.

2020ರೊಳಗೆ ಬಂದು ನೆಲೆಸಿದ ಲಿಥುವೇನಿಯನ್, ಪೋಲಿಷ್ ಕುಟುಂಬಗಳಿಗೆ ಬಾಸ್ಟನ್ ಮಂಡಳಿಯ ಚುನಾವಣೆಯಲ್ಲಿ ಈಗಲೂ ಓಟು ಇದೆ. ಅವರ ಮಕ್ಕಳು ಲಿಂಕನ್‌ಶೈರ್ ಧಾಟಿಯ ಇಂಗ್ಲಿಷ್ ಮಾತಾಡುತ್ತಾರೆ. ಊರಾಚೆಯ ಹೊಲದಲ್ಲಿ ಹೂಕೋಸು ಕತ್ತರಿಸುತ್ತಿರುವ, ಕಿರ್ಗಿಸ್ತಾನದ ಬಿಷ್ಕೆಕ್‌ನ ಹುಡುಗನಿಗೆ ಆ ಮಕ್ಕಳ ಪರಿಚಯವಾಗುವ ದಾರಿಯೇ ಇಲ್ಲ. ಅವನ ವೀಸಾ ಆರನೇ ತಿಂಗಳಿಗೆ ಮುಗಿಯುತ್ತದೆ. ಮುಂದಿನ ಸುಗ್ಗಿಗೆ ಅದೇ ಕ್ಯಾರವಾನಿಗೆ ಬೇರೊಬ್ಬ ಬರುತ್ತಾನೆ.